ಅವರೆಕಾಳಿನ ಬಾಟಲಿ ಮತ್ತು ಹಿತ್ತಾಳೆ ಬೋಲ್ಟು

ಅವರೆಕಾಯಿಗೆ ಒಂದು ಕಾಲವಿದೆ. ಬಸುರಿಯ ಬಯಕೆಗೆ ಯಾವ ಕಾಲವೂ ಇಲ್ಲ. ಈ ಎರಡರ ನಡುವೆ ಸಿಕ್ಕಿಕೊಳ್ಳುವವಳು ತಾಯಿ. ಇದು ಯಾವ ಮನೆಗೂ ಹೊಸದಲ್ಲ.

ಭದ್ರಾವತಿಯ ಪುಷ್ಪಾಳಿಗೂ ಹಾಗೇ ಆಯಿತು. ಆಯನೂರಿಗೆ ಕೊಟ್ಟಿದ್ದ ಮಗಳು ಅಮೂಲ್ಯಾ ಸಂಕ್ರಾಂತಿಗೆ ಬಂದಿದ್ದಳು. ಐದು ತಿಂಗಳ ಬಸುರಿ. ಇದ್ದ ನಾಲ್ಕು ದಿನವೂ ಹಿದುಕಿದ ಅವರೆಬೇಳೆ ಸಾರು ಬೇಕೆಂದಳು. ಹೊರಡುವ ದಿನ ತಟ್ಟೆಯ ಅಂಚನ್ನು ಬೆರಳಿನಿಂದ ಬಳಿಯುತ್ತಾ, "ಇನ್ನು ಹದಿನೈದು ದಿನಕ್ಕೆ ಅವರೆಕಾಯಿ ಮುಗಿದೇ ಹೋಗತ್ತಲ್ಲಮ್ಮ. ಆಮೇಲೆ ನಾನೇನ್ ತಿನ್ಲಿ?" ಎಂದಳು.

ಅವಳು ನಗುತ್ತಾ ಆಡಿದ ಮಾತು. ಪುಷ್ಪಾಳಿಗೆ ನಗಲು ಆಗಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಇದೇ ಅಮೂಲ್ಯಾ ಹೊಟ್ಟೆಯಲ್ಲಿದ್ದಾಗ, ಸುಡು ಬೇಸಿಗೆಯಲ್ಲಿ, ಅವಳಿಗೂ ಅವರೆಕಾಯಿಯ ಸೊಗಡಿನ ನೆನಪಾಗಿ ನಾಲಿಗೆ ತಹತಹಿಸಿತ್ತು. 'ಮೇ ತಿಂಗಳಲ್ಲಿ ಅವರೆಕಾಯಿ ಎಲ್ಲಿಂದ ತರೋದು' ಎಂದು ಎಲ್ಲರೂ ನಗುತ್ತಾರೆ ಅನ್ನಿಸಿ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಆ ಬಯಕೆ ಹಾಗೇ ಉಳಿದುಹೋಗಿತ್ತು. ಮಗಳದ್ದು ಉಳಿಯಬಾರದು.

"ಒಣಗಿಸಿ ಡಬ್ಬಿಗೆ ಹಾಕಿಡು. ಇಲ್ಲ, ಉಪ್ಪಲ್ಲಿ ಹಾಕು," ಎಂದರು ಅತ್ತೆ ಹುಲಿಗೆಮ್ಮ.

"ಒಣಗಿದ್ರೆ ಆ ಸೊಗಡು ಇರಲ್ಲ ಅತ್ತೆ. ಉಪ್ಪಂತೂ ಬೇಡವೇ ಬೇಡ. ಅವಳಿಗೆ ಬಿ.ಪಿ. ಜಾಸ್ತಿ ಇದೆ, ಉಪ್ಪಿನಕಾಯಿ ಹಪ್ಪಳ ಮುಟ್ಟಬಾರದು ಅಂದಿದಾರೆ ಡಾಕ್ಟ್ರು."

"ಫ್ರಿಜ್ ಐತಲ್ಲ?"

"ಇದೆ. ಅದರ ಐಸ್ ಪೆಟ್ಟಿಗೇಲಿ ಒಂದು ಹಾಲಿನ ಪ್ಯಾಕೆಟ್ ಮಲಗಿಸಿದ್ರೆ ಇನ್ನೊಂದಕ್ಕೆ ಜಾಗ ಇಲ್ಲ."

"ಹಂಗಾದ್ರೆ ನಿನ್ನ ಮಗಳಿಗೆ ಬಯಕೆ ಮುಂದಕ್ಕೆ ಹಾಕಂತ ಹೇಳು," ಎಂದು ಹುಲಿಗೆಮ್ಮ ಎದ್ದು ಹೋದರು.

ಆಗ ಪುಷ್ಪಾಳ ಕಣ್ಣು ಅಟ್ಟದ ಮೇಲೆ ಹೋಯಿತು.

ಅಲ್ಲೊಂದು ದೊಡ್ಡ ಅಲ್ಯೂಮಿನಿಯಂ ಪಾತ್ರೆಯಿತ್ತು. ನೋಡಲು ಮದುವೆಮನೆಯ ಕುಕ್ಕರಿನ ಹಾಗೆ. ಮುಚ್ಚಳದ ಸುತ್ತ ಕಿವಿಯಿರುವ ಆರು ತಿರುಪುಗಳು, ಮೇಲೆ ಗಡಿಯಾರದಂಥ ಒಂದು ಗೇಜು. ಹಿಂದೆ ಯಾವುದೋ ಕಾಲದಲ್ಲಿ ಊರಿನ ಕಾರ್ಖಾನೆಗೆ ಬಂದಿದ್ದ ವಿದೇಶಿ ಎಂಜಿನಿಯರ್ ಮನೆಯವರು ಬಿಟ್ಟುಹೋದದ್ದಂತೆ. ಕೈಯಿಂದ ಕೈಗೆ ದಾಟಿ ಕೊನೆಗೆ ಗುಜರಿ ಅಂಗಡಿಗೆ ಬಂದಿತ್ತು. ಪುಷ್ಪಾಳ ಗಂಡ ಶಿವಪ್ರಸಾದ್ ಅದರ ದಪ್ಪ ನೋಡಿಯೇ ಮರುಳಾಗಿ ತಂದಿದ್ದ. ಅವನು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು. ಈಗ ಮನೆಯ ಮುಂದಿನ ಶೆಡ್ಡಿನಲ್ಲಿ ಲೋಹ ಕಡೆಯುವ ಲೇತ್ ಇಟ್ಟುಕೊಂಡಿದ್ದಾನೆ.

"ಇದು ಬರೀ ಕುಕ್ಕರ್ ಅಲ್ಲ ಕಣೇ. ಇದರೊಳಗೆ ಬಾಟಲಿ ಜೋಡಿಸಿ, ಹಬೆಯ ಒತ್ತಡದಲ್ಲಿ ಬೇಯಿಸಿ ಮುಚ್ಚಿಟ್ರೆ ತರಕಾರಿ ವರ್ಷ ಇಡಬಹುದು. ಪ್ರೆಶರ್ ಕ್ಯಾನರ್ ಅಂತಾರೆ," ಎಂದು ಅವನೇ ಹೇಳಿದ್ದ.

ಪುಷ್ಪಾ ಅದನ್ನು ಇಳಿಸಿದಳು. ಹುಣಸೆಹಣ್ಣು ಹಾಕಿ ಉಜ್ಜಿದಳು. ಕಾಫಿಪುಡಿ, ಜಾಮ್ ಬಂದಿದ್ದ ಗಾಜಿನ ಬಾಟಲಿಗಳನ್ನು ಒಟ್ಟು ಮಾಡಿದಳು. ಎರಡು ದಿನ ಕೂತು ಕಾಳು ಹಿದುಕಿದಳು. ಉಪ್ಪಿಲ್ಲ, ಹುಳಿಯಿಲ್ಲ, ಬರೀ ನೀರು. ಏಳು ಬಾಟಲಿ ಆಯಿತು.

ಒಲೆಯ ಮೇಲಿಟ್ಟರೆ ಮುಚ್ಚಳದ ಸುತ್ತಲೂ ಹಬೆ ಸೋರಿತು. ಒಳಗಿನ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಮುಚ್ಚಳದ ಮೇಲಿನ ಸೇಫ್ಟಿ ವಾಲ್ವಿನಿಂದಲೂ ಹಬೆ ಬಂತು. ಗೇಜಿನ ಮುಳ್ಳು ಅಲುಗಲಿಲ್ಲ. ಪುಷ್ಪಾ ಯೋಚಿಸಿದಳು. ಒತ್ತಡ ಬರದಿದ್ದರೇನು, ಕುದಿಯುತ್ತಿದೆಯಲ್ಲ. ಅರ್ಧ ಗಂಟೆಯ ಬದಲು ಎರಡು ಗಂಟೆ ಕುದಿಸಿದರಾಯಿತು.

ಎರಡು ಗಂಟೆ ಕುದಿಸಿದಳು. ಬಿಸಿಯಲ್ಲೇ ಬಟ್ಟೆ ಹಿಡಿದು ಮುಚ್ಚಳಗಳನ್ನು ಬಲವಾಗಿ ಬಿಗಿದಳು. ಒಂದು ಬಾಟಲಿ ಆ ವಾರವೇ ಮನೆಯಲ್ಲಿ ಖರ್ಚಾಯಿತು. ಎಲ್ಲರೂ ಚಪ್ಪರಿಸಿ ತಿಂದರು. ನಾಲ್ಕು ಬಾಟಲಿ ಅಮೂಲ್ಯಾಳಿಗೆ ಹೋಯಿತು. ಎರಡು ಕಪಾಟಿನಲ್ಲಿ ಉಳಿಯಿತು.

*

ಮಾರ್ಚ್ ತಿಂಗಳು. ಒಂದು ಶುಕ್ರವಾರ ಬೆಳಗ್ಗೆ ಶಿವಪ್ರಸಾದ್ ಶೆಡ್ಡಿನಿಂದಲೇ ಕೂಗಿದ. "ಪುಷ್ಪಾ, ಬಾ ಇಲ್ಲಿ! ನೋಡು!"

ಕ್ಯಾನರಿನ ಮುಚ್ಚಳದಲ್ಲಿ ಸೇಫ್ಟಿ ವಾಲ್ವ್ ಇದ್ದ ಜಾಗದಲ್ಲಿ ಒಂದು ಹಿತ್ತಾಳೆ ಬೋಲ್ಟು ಹೊಳೆಯುತ್ತಿತ್ತು. ಲೇತಿನಲ್ಲಿ ಅವನೇ ಕಡೆದದ್ದು. ತಿರುಪಿನ ಸುತ್ತು ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಆ ವಾಲ್ವಲ್ಲೇ ಸೋರ್ತಿದ್ದದ್ದು. ಕಿತ್ತು ಬಿಸಾಕಿದೆ. ಗ್ಯಾಸ್ಕೆಟ್ ಒಂದು ಹೊಸದು ಹಾಕಿದ್ರೆ ಮುಗೀತು. ಇನ್ನು ಒಂದು ತೊಟ್ಟು ಹಬೆ ಹೊರಗೆ ಹೋದ್ರೆ ನನ್ನ ಹೆಸರು ಬದಲಾಯಿಸ್ಕೊಳ್ತೀನಿ."

ಪುಷ್ಪಾ ಬೋಲ್ಟನ್ನು ನೋಡಿದಳು. ಅಡುಗೆಮನೆಯ ಕುಕ್ಕರಿನಲ್ಲಿ ಆ ವಾಲ್ವ್ ಯಾಕಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಒಮ್ಮೆ ಸಾರಿನ ಬೇಳೆ ಸಿಕ್ಕಿಕೊಂಡು ಅದು ಹಾರಿ, ಮೇಲಿನ ಹಂಚೆಲ್ಲ ಹಳದಿಯಾಗಿತ್ತು. 'ರೀ, ಇದು ಹಿಂಗಿರಬಹುದಾ' ಎಂಬ ಮಾತು ಗಂಟಲ ತನಕ ಬಂತು. ಅವನ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಗೆಲುವಿತ್ತು. ಕಾರ್ಖಾನೆ ಬಿಟ್ಟ ಮೇಲೆ ಅವನ ಕೆಲಸವನ್ನು ಹೊಗಳುವವರು ಯಾರೂ ಇರಲಿಲ್ಲ. "ಚೆನ್ನಾಗಿದೆ," ಎಂದಳು.

ಪುಷ್ಪಾ ಇದ್ದ ಮಹಿಳಾ ಸಂಘದವರು ಕ್ಯಾನರ್ ಬಗ್ಗೆ ಕೇಳಿ ಉತ್ಸಾಹಗೊಂಡಿದ್ದರು. ಸಂಘದ ಒಬ್ಬರು ಶಿವಮೊಗ್ಗದ ಗೋಪಾಳದಲ್ಲಿರುವ ಪ್ರಿಯಂವದಾ ಮೇಡಂ ಅವರ ವಿಳಾಸ ಕೊಟ್ಟಿದ್ದರು. ಗೃಹವಿಜ್ಞಾನದ ಉಪನ್ಯಾಸಕಿಯಾಗಿದ್ದವರು. ಹಣ್ಣು ತರಕಾರಿ ಕೆಡದಂತೆ ಇಡುವುದನ್ನು ಇಪ್ಪತ್ತು ವರ್ಷ ಕಲಿಸಿದವರು. ಗ್ಯಾಸ್ಕೆಟ್ ಎಲ್ಲಿ ಸಿಗುತ್ತದೆಂದು ಅವರಿಗೆ ಗೊತ್ತಿರಬಹುದು.

ಪುಷ್ಪಾ ಆಗಲೇ ಮುಚ್ಚಳವನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿದಳು. ಕಂಡಕ್ಟರ್ ಚೀಲ ಎತ್ತಿ ನೋಡಿ, "ಏನಕ್ಕಾ ಇದು, ಚರಂಡಿ ಮುಚ್ಚಳನಾ? ಇದಕ್ಕೂ ಒಂದು ಟಿಕೆಟ್ ಹರೀಬೇಕಾಗತ್ತೆ," ಎಂದ. ಪುಷ್ಪಾ ನಕ್ಕಳು. ಅವತ್ತು ಅವಳು ನಕ್ಕದ್ದು ಅದೇ ಕೊನೆ.

*

ಪ್ರಿಯಂವದಾ ಕಾಫಿ ಕೊಟ್ಟರು. ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಂಚಿನ ಮೇಲೆ ಉಗುರು ಆಡಿಸಿದರು. ಹಬೆ ಹೋಗುವ ಕೊಳವೆಯ ತೂತಿಗೆ ಬಾಯಿಟ್ಟು ಊದಿದರು. ಆಮೇಲೆ ಅವರ ಬೆರಳು ಹಿತ್ತಾಳೆ ಬೋಲ್ಟಿನ ಮೇಲೆ ನಿಂತಿತು.

"ಇದನ್ನ ಯಾರು ಹಾಕಿದ್ದು?"

"ನಮ್ಮನೆಯವ್ರು, ಮೇಡಂ. ಸೋರ್ತಿತ್ತು ಅಂತ."

"ಸೋರಲಿ ಅಂತಾನೇ ಅಲ್ಲಿ ವಾಲ್ವ್ ಇಟ್ಟಿರೋದು ಪುಷ್ಪಾ. ಒಳಗೆ ಒತ್ತಡ ಮಿತಿ ಮೀರಿದ್ರೆ ಅದು ತೆರ್ಕೊಂಡು ಹಬೆಗೆ ದಾರಿ ಬಿಡಬೇಕು. ಇಲ್ಲಿ ದಾರೀನೇ ಮುಚ್ಚಿದೆ. ಗ್ಯಾಸ್ಕೆಟ್ ಹೊಸದು ಹಾಕಿ ನೀವು ಒಲೆ ಹಚ್ಚಿದ್ರೆ ಇದು ಪಾತ್ರೆಯಲ್ಲ, ಬಾಂಬು."

ಪುಷ್ಪಾ ಕಾಫಿಯ ಲೋಟ ಕೆಳಗಿಟ್ಟಳು. ಇದೇ ಮಾತು ಬೆಳಗ್ಗೆ ತನ್ನ ಗಂಟಲಲ್ಲಿತ್ತು.

"ಇದರಲ್ಲಿ ಇನ್ನೂ ಏನೂ ಮಾಡಿಲ್ಲ ತಾನೇ?"

"ಬೋಲ್ಟ್ ಹಾಕಿದ ಮೇಲೆ ಇಲ್ಲ. ಮುಂಚೆ ಮಾಡಿದ್ದೆ. ಅವರೆಬೇಳೆ, ಏಳು ಬಾಟಲಿ."

"ಗೇಜಿನ ಮುಳ್ಳು ಏರಿತ್ತಾ?"

"ಇಲ್ಲ ಮೇಡಂ. ಹಬೆ ಎಲ್ಲ ಸೋರಿಹೋಯ್ತು. ಅದಕ್ಕೇ ಎರಡು ಗಂಟೆ ಕುದಿಸಿದೆ."

"ಉಪ್ಪು, ಹುಳಿ?"

"ಹಾಕಿಲ್ಲ. ಮಗಳಿಗೆ ಬಿ.ಪಿ. ಇದೆ. ಬಸುರಿ."

ಪ್ರಿಯಂವದಾ ಮುಚ್ಚಳವನ್ನು ನಿಧಾನವಾಗಿ ಕೆಳಗಿಟ್ಟರು. "ಆ ಬಾಟಲಿಗಳು ಈಗ ಎಲ್ಲಿವೆ?"

ಕೇಳಿದ ರೀತಿಗೇ ಪುಷ್ಪಾ ಎದ್ದು ನಿಂತಳು. "ನಾಲ್ಕು ಮಗಳ ಹತ್ರ. ಆಯನೂರಲ್ಲಿ. ಯಾಕೆ ಮೇಡಂ?"

"ಮೊದಲು ಫೋನ್ ಮಾಡಿ. ತಿನ್ನಬೇಡ ಅನ್ನಿ. ಆಮೇಲೆ ಹೇಳ್ತೀನಿ."

ಅಮೂಲ್ಯಾಳ ಫೋನ್ ರಿಂಗ್ ಆಯಿತು. ಎತ್ತಲಿಲ್ಲ. ಮತ್ತೆ ಮಾಡಿದಳು. ಎತ್ತಲಿಲ್ಲ. ಅಳಿಯನದು ಸ್ವಿಚ್ ಆಫ್. ಬೀಗಿತಿ ಯಲ್ಲಮ್ಮನ ಬಳಿ ಫೋನೇ ಇಲ್ಲ. ಗೋಡೆ ಗಡಿಯಾರದಲ್ಲಿ ಹನ್ನೊಂದೂ ಹತ್ತು. ಹಳ್ಳಿಯ ಮನೆ, ಮಧ್ಯಾಹ್ನದ ಅಡುಗೆಯ ಹೊತ್ತು.

"ಮಣ್ಣಲ್ಲಿ ಒಂದು ಸೂಕ್ಷ್ಮಜೀವಿ ಇರುತ್ತೆ," ಎಂದು ಪ್ರಿಯಂವದಾ ಚಪ್ಪಲಿ ಮೆಟ್ಟುತ್ತಲೇ ಹೇಳಿದರು. "ಬೀಜದ ಹಾಗೆ ಮುದುಡಿಕೊಂಡಿರುತ್ತೆ. ಕುದಿಯೋ ನೀರಲ್ಲಿ ಗಂಟೆಗಟ್ಟಲೆ ಬೇಯಿಸಿದ್ರೂ ಅದು ಸಾಯೋದನ್ನ ನಂಬೋ ಹಾಗಿಲ್ಲ. ಅದಕ್ಕಿಂತ ಹೆಚ್ಚಿನ ಬಿಸಿ ಬೇಕು. ಆ ಬಿಸಿ ಒತ್ತಡದಲ್ಲಿ ಮಾತ್ರ ಬರೋದು. ಕ್ಯಾನರ್ ಇರೋದೇ ಅದಕ್ಕೆ. ಬದುಕಿ ಉಳಿದದ್ದು ಗಾಳಿಯಿಲ್ಲದ ಬಾಟಲೀಲಿ ಮೊಳೆಯುತ್ತೆ, ವಿಷ ಬಿಡುತ್ತೆ. ಬಾಟುಲಿಸಂ ಅಂತ ಆ ಕಾಯಿಲೆಗೆ ಹೆಸರು. ಕಣ್ಣು ಮಂಜಾಗುತ್ತೆ, ಒಂದು ಎರಡಾಗಿ ಕಾಣುತ್ತೆ, ರೆಪ್ಪೆ ಜೋತು ಬೀಳುತ್ತೆ, ನುಂಗೋಕೆ ಆಗಲ್ಲ. ಕೊನೆಗೆ ಉಸಿರಿಗೇ ಬರುತ್ತೆ."

"ಕೆಟ್ಟಿದ್ರೆ ವಾಸನೆ ಬರಲ್ವಾ?"

"ಬರಲೇಬೇಕು ಅಂತಿಲ್ಲ. ಬಣ್ಣ, ರುಚಿ ಎಲ್ಲಾ ಸರಿಯಾಗೇ ಇರಬಹುದು."

"ಮತ್ತೆ ನಮ್ಮತ್ತೆ ಉಪ್ಪಿನಕಾಯಿ ವರ್ಷಗಟ್ಟಲೆ ಇಡ್ತಾರಲ್ಲ?"

"ಅಲ್ಲಿ ಉಪ್ಪು, ಹುಳಿ ಕಾವಲಿಗೆ ಇರುತ್ತೆ. ನೀವು ಕಾವಲು ತೆಗೆದ್ರಿ. ಅದರ ಬದಲಿಗೆ ಇರಬೇಕಾದ ಒತ್ತಡಾನೂ ಇರಲಿಲ್ಲ."

ಆಟೋದಲ್ಲಿ ಬಸ್ ಸ್ಟ್ಯಾಂಡಿಗೆ ಹೋಗುವಾಗ ಪುಷ್ಪಾ ಗಂಡನಿಗೆ ಫೋನ್ ಮಾಡಿದಳು. ಅವನು ರೇಗಿದ. "ತಲೆ ಕೆಟ್ಟಿದ್ಯಾ ನಿಂಗೆ? ನಾವೇ ಒಂದು ಬಾಟಲಿ ತಿಂದ್ವಲ್ಲ, ಸತ್ವಾ? ಓದಿದವರು ಹಿಂಗೇ ಹೆದರಿಸ್ತಾರೆ, ಮಾರಾಯ್ತಿ."

ಪ್ರಿಯಂವದಾ ಕೈ ಚಾಚಿ ಫೋನ್ ತೆಗೆದುಕೊಂಡರು. "ಶಿವಪ್ರಸಾದ್ ಅವರೇ, ನೀವು ತಿಂದದ್ದು ಅದೇ ವಾರ. ಅದರ ಮೇಲೆ ಎರಡು ತಿಂಗಳು ಕಳೆದಿದೆ. ಒಂದು ಬಾಟಲಿ ಚೆನ್ನಾಗಿತ್ತು ಅಂದ್ರೆ ಪಕ್ಕದ್ದೂ ಚೆನ್ನಾಗಿರುತ್ತೆ ಅನ್ನೋಕಾಗಲ್ಲ. ನಿಮ್ಮನೇಲಿರೋ ಎರಡನ್ನ ಮುಟ್ಟಬೇಡಿ. ನಿಮ್ಮ ತಾಯಿಗೂ ಹೇಳಿ."



*

ಆಯನೂರಿನ ಮೇಲೆ ಹೋಗುವ ಸಾಗರದ ಬಸ್ಸು ನಿಂತೇ ಇತ್ತು. ಹೊರಡಲೊಲ್ಲದು. ಡ್ರೈವರ್ ಟೀ ಕುಡಿಯುತ್ತಿದ್ದ. ಪುಷ್ಪಾ ಮತ್ತೆ ಫೋನ್ ಒತ್ತಿದಳು. ರಿಂಗ್, ರಿಂಗ್, ರಿಂಗ್. ಕೊನೆಗೆ ಬಸ್ಸು ಹೊರಟಿತು. ಊರು ದಾಟುವಷ್ಟರಲ್ಲಿ ಮೂರು ಕಡೆ ನಿಂತಿತು. ಇಳಿಯುವ ಒಬ್ಬ ಅಜ್ಜ ಚಿಲ್ಲರೆಗಾಗಿ ಎಲ್ಲ ಜೇಬು ಹುಡುಕಿದ. ಅವನನ್ನು ಕೆಳಗೆ ನೂಕಿಬಿಡಬೇಕು ಅನ್ನಿಸಿ ಪುಷ್ಪಾಳಿಗೆ ತನ್ನ ಮೇಲೇ ಹೆದರಿಕೆಯಾಯಿತು.

ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಈಗ ಒಗ್ಗರಣೆ ಹಾಕುತ್ತಿರಬಹುದು. ಈಗ ಸೌಟಿನಿಂದ ಅಂಗೈಗೆ ಹಾಕಿಕೊಂಡು ರುಚಿ ನೋಡುತ್ತಿರಬಹುದು. ಅಡುಗೆಯ ನಡುವೆ ಅಂಗೈ ನೆಕ್ಕುವ ಅಭ್ಯಾಸ ಅವಳಿಗೆ ಬಂದದ್ದೇ ನನ್ನಿಂದ. ಎರಡು ದಿನ ಕೂತು ಹಿದುಕಿದೆ. ಉಗುರ ಸಂದಿ ಉರಿದರೂ ಬಿಡಲಿಲ್ಲ. ಯಾರಿಗೋಸ್ಕರ ಹಿದುಕಿದೆ? ಅವಳಿಗಾ, ಇಪ್ಪತ್ತೈದು ವರ್ಷದ ಹಿಂದಿನ ನನಗಾ? ಗೇಜಿನ ಮುಳ್ಳು ಅಲುಗದೆ ನಿಂತದ್ದನ್ನು ಕಣ್ಣಾರೆ ಕಂಡಿದ್ದೆ. ಯಾರನ್ನಾದರೂ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ಬೇಡ ಅನ್ನುತ್ತಾರೇನೋ ಎಂದು ಕೇಳಲಿಲ್ಲ.

ಪ್ರಿಯಂವದಾ ಪುಷ್ಪಾಳ ಮೊಣಕೈ ಹಿಡಿದುಕೊಂಡು ಕೂತಿದ್ದರು.

ಆಯನೂರಿನಲ್ಲಿ ಇಳಿದವಳೇ ಪುಷ್ಪಾ ಓಡಿದಳು. ಬಾಗಿಲು ತೆರೆದೇ ಇತ್ತು. ಹಜಾರದಲ್ಲಿ ಚಾರ್ಜಿಗೆ ಹಾಕಿದ್ದ ಫೋನ್ ಸದ್ದಿಲ್ಲದೆ ಮಿನುಗುತ್ತಿತ್ತು. ಅಡುಗೆಮನೆಯಿಂದ ಟಕ್ ಟಕ್ ಶಬ್ದ.

ಅಮೂಲ್ಯಾ ನೆಲದ ಮೇಲೆ ಕಾಲು ಚಾಚಿ ಕೂತು, ಬಾಟಲಿಯ ಮುಚ್ಚಳಕ್ಕೆ ಚಾಕುವಿನ ಹಿಡಿಯಿಂದ ತಟ್ಟುತ್ತಿದ್ದಳು. ಪಕ್ಕದಲ್ಲಿ ತುರಿದ ಕಾಯಿ, ಹೆಚ್ಚಿದ ಈರುಳ್ಳಿ.

"ಅಮ್ಮಾ? ನೀನು ಭಾನುವಾರ ಅಲ್ವಾ ಬರೋದು? ಎಷ್ಟು ಬಿಗಿಯಾಗಿ ಮುಚ್ಚಿದೀಯಮ್ಮ ಇದನ್ನ! ಅರ್ಧ ಗಂಟೆಯಿಂದ ಗುದ್ದಾಡ್ತಿದೀನಿ."

ಪುಷ್ಪಾ ಬಾಟಲಿಯನ್ನು ಕಿತ್ತುಕೊಂಡಳು. ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ಕೂತಳು.

"ಇದಕ್ಕಿಂತ ಮುಂಚೆ ತಿಂದಿದ್ಯಾ? ನಿಜ ಹೇಳು."

"ಇಲ್ಲ."

"ನಾಲ್ಕು ಕೊಟ್ಟಿದ್ದೆ. ಇಲ್ಲಿ ಮೂರೇ ಇದೆ."

ಅಮೂಲ್ಯಾ ತಲೆ ತಗ್ಗಿಸಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು. "ಒಂದರ ಮುಚ್ಚಳ ಉಬ್ಬಿತ್ತಮ್ಮ. ಫೆಬ್ರವರೀಲೇ. ಹೆದರಿಕೆ ಆಯ್ತು. ಹಿತ್ತಲ ಗುಂಡಿಗೆ ಹಾಗೇ ಎಸೆದುಬಿಟ್ಟೆ."

"ನಂಗ್ಯಾಕೆ ಹೇಳಲಿಲ್ಲ?"

"ನಿಂಗೆ ಬೇಜಾರಾಗತ್ತೆ ಅಂತ. ನೀನು ಅಷ್ಟು ಕಷ್ಟಪಟ್ಟು ಹಿದುಕಿದ್ದೆ. ಉಳಿದದ್ದು ತೆಗೆಯೋಕೂ ಮನಸ್ಸು ಬರಲಿಲ್ಲ. ಭಾನುವಾರ ನೀನು ಬಂದಾಗ ಬಾಟಲಿ ಹಂಗೇ ಇದ್ರೆ ಏನಂದ್ಕೊಳ್ತೀಯ? ಅದಕ್ಕೇ ಇವತ್ತು ಹೇಗಾದ್ರೂ ಒಂದು ಖಾಲಿ ಮಾಡೋಣ ಅಂತ..."

ಪುಷ್ಪಾ ಮಗಳನ್ನೇ ನೋಡಿದಳು. ಬಯಕೆಗೆಂದು ಕೊಟ್ಟದ್ದನ್ನು ಮಗಳು ಹೆದರುತ್ತಲೇ ತಿನ್ನಲು ಹೊರಟಿದ್ದಳು, ತಾಯಿಗೆ ಬೇಜಾರಾಗಬಾರದೆಂದು.

ಅಷ್ಟರಲ್ಲಿ ಬೀಗಿತಿ ಯಲ್ಲಮ್ಮ ಹಿತ್ತಲಿಂದ ಬಂದರು. ಎಲ್ಲ ಕೇಳಿ ಕೆನ್ನೆಗೆ ಕೈಯಿಟ್ಟುಕೊಂಡರು. "ಚೆನ್ನಾಗಿ ಕುದಿಸಿ ತಿಂದ್ರೆ ಆಗಲ್ವಾ ಮೇಡಮ್ಮೋರೆ?"

"ಚೆನ್ನಾಗಿ ಕುದಿಸಿದ್ರೆ ವಿಷದ ಶಕ್ತಿ ಹೋಗುತ್ತೆ ಅಂತಾರೆ," ಎಂದರು ಪ್ರಿಯಂವದಾ. "ಆದ್ರೆ ಕುದಿಯೋ ಮುಂಚೆ ಯಾರು ರುಚಿ ನೋಡಿದ್ರು, ಸೌಟು ಎಲ್ಲೆಲ್ಲಿ ತಾಗ್ತು, ಯಾರು ನೋಡ್ಕೊಂಡಿರ್ತಾರೆ? ಬಸುರಿ ಹುಡುಗಿ ಮೇಲೆ ಪರೀಕ್ಷೆ ಮಾಡೋದಾ?"

"ಅಯ್ಯೋ, ಬ್ಯಾಡ ತಾಯಿ. ಹಂಗಾದ್ರೆ ದನದ ಕಲಗಚ್ಚಿಗಾದ್ರೂ ಸುರಿಯಾನ. ಕಾಳು ಚೆಲ್ಲಬಾರ್ದು."

"ದನಕ್ಕೂ ಅದೇ ವಿಷ, ಯಲ್ಲಮ್ಮ. ನಾಯಿಗೂ ಹಾಕಬೇಡಿ, ಗೊಬ್ಬರದ ಗುಂಡಿಗೂ ಸುರೀಬೇಡಿ."

ಮುಚ್ಚಳ ತೆಗೆಯದೆಯೇ ಮೂರು ಬಾಟಲಿಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರು. ಹಿತ್ತಲ ಗುಂಡಿಯಲ್ಲಿದ್ದ ನಾಲ್ಕನೆಯದು ಒಡೆದಿರಲಿಲ್ಲ. ಕೈಗೆ ಚೀಲ ಸುತ್ತಿಕೊಂಡು ಅದನ್ನೂ ಎತ್ತಿದರು. ದನ, ನಾಯಿ ಕೆದಕದಷ್ಟು ಆಳಕ್ಕೆ ಅಗೆದು ಹೂಳಿದರು. ಬಾಟಲಿ ತಾಗಿದ್ದ ಜಾಗವನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ಒರೆಸಿದರು. ಆಮೇಲೆ ಅಮೂಲ್ಯಾಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದರು. ಡಾಕ್ಟರು ಕಣ್ಣು ನೋಡಿದರು, ನುಂಗಿಸಿ ನೋಡಿದರು. "ತಿಂದೇ ಇಲ್ಲವಲ್ಲ, ಏನೂ ಹೆದರಬೇಡಿ. ಬಂದು ತೋರಿಸಿದ್ದು ಒಳ್ಳೇದಾಯ್ತು," ಎಂದರು.

*

ಸಂಜೆ ಭದ್ರಾವತಿಗೆ ಬಂದಾಗ ಶಿವಪ್ರಸಾದ್ ಶೆಡ್ಡಿನಲ್ಲಿ ಕೂತಿದ್ದ. ಮಗಳಿಗೆ ಏನೂ ಆಗಿಲ್ಲವೆಂದು ಫೋನಿನಲ್ಲೇ ತಿಳಿದಿತ್ತು. ಆ ಸಮಾಧಾನವೇ ಈಗ ಸಿಟ್ಟಾಗಿತ್ತು.

"ಬಾಟಲಿ ವಿಷಯ ಬಿಡು. ಬೋಲ್ಟಿಗೂ ಅವರು ಏನೋ ಅಂದ್ರಂತೆ? ಮೂವತ್ತು ವರ್ಷ ಬಾಯ್ಲರ್ ಪಕ್ಕದಲ್ಲಿ ಕೆಲಸ ಮಾಡಿದವನು ನಾನು. ನಂಗೆ ಪಾಠ ಹೇಳ್ತಾರಾ?"

ಬೇರೆ ದಿನವಾಗಿದ್ದರೆ ಪುಷ್ಪಾ ಒಳಗೆ ಹೋಗಿ ಒಲೆ ಹಚ್ಚುತ್ತಿದ್ದಳು. ಅವತ್ತು ಹೋಗಲಿಲ್ಲ. ಚೀಲದಿಂದ ಮುಚ್ಚಳ ತೆಗೆದು ಅವನ ಮುಂದಿಟ್ಟಳು.

"ರೀ, ಒಂದು ಕೇಳ್ತೀನಿ. ಆ ಬಾಯ್ಲರಿನ ಸೇಫ್ಟಿ ವಾಲ್ವ್ ಸೋರ್ತಿದೆ ಅಂತ ನಿಮ್ಮ ಕೈಕೆಳಗಿನ ಹುಡುಗ ಒಬ್ಬ ಅದನ್ನ ಕಿತ್ತು ಅಲ್ಲಿ ಬೋಲ್ಟ್ ಹಾಕಿದ್ರೆ ಏನ್ ಮಾಡ್ತಿದ್ರಿ?"

"ಕಪಾಳಕ್ಕೆ ಎರಡು ಬಿಗೀತಿದ್ದೆ..." ಎಂದವನು ಮಧ್ಯದಲ್ಲೇ ನಿಲ್ಲಿಸಿದ. ಬೋಲ್ಟನ್ನು ನೋಡಿದ.

"ಬೆಳಗ್ಗೆಯೇ ನಂಗೆ ಅನುಮಾನ ಬಂದಿತ್ತು," ಎಂದಳು ಪುಷ್ಪಾ. "ನಿಮಗೆ ನೋವಾಗತ್ತೆ ಅಂತ ಹೇಳಲಿಲ್ಲ. ಇನ್ನು ಮೇಲೆ ಹೇಳ್ತೀನಿ."

ಒಳಗಿನಿಂದ ಹುಲಿಗೆಮ್ಮ, "ನಾನು ಒಣಗಿಸಿಡು ಅಂದೆ. ಈ ಮನೇಲಿ ಮುದುಕಿ ಮಾತು ಯಾರು ಕೇಳ್ತಾರೆ," ಎಂದು ಗೊಣಗಿದರು. ಶಿವಪ್ರಸಾದನಿಗೆ ನಗು ಬಂತು. ಸ್ಪ್ಯಾನರ್ ಎತ್ತಿಕೊಂಡ. ಬೋಲ್ಟು ಬಿಚ್ಚಿ ಬಂತು. ಕಪಾಟಿನಲ್ಲಿದ್ದ ಎರಡು ಬಾಟಲಿಗಳೂ ಅವತ್ತೇ ಮಣ್ಣು ಸೇರಿದವು.

ಮುಂದಿನ ಕೆಲಸ ಅವಸರದ್ದಲ್ಲ ಎಂದು ಪ್ರಿಯಂವದಾ ಮೊದಲೇ ಹೇಳಿದ್ದರು. ಒಂದು ಭಾನುವಾರ ಅವರೇ ಬಂದರು. ಪಾತ್ರೆಯನ್ನು ಬಿಸಿಲಿಗಿಟ್ಟು ಒಳಗೆ ಹೊರಗೆ ಟಾರ್ಚ್ ಬಿಟ್ಟು ಬಿರುಕು ಹುಡುಕಿದರು. ಮುಚ್ಚಳದ ಅಂಚನ್ನು ಗಾಜಿನ ಹಲಗೆಯ ಮೇಲೆ ಮಗುಚಿ, ಸೊಟ್ಟಗಾಗಿದೆಯೇ ಎಂದು ನೋಡಿದರು.

"ಬಿರುಕಿದ್ರೆ ಏನ್ ಮಾಡೋದು ಮೇಡಂ? ವೆಲ್ಡಿಂಗ್?" ಎಂದ ಶಿವಪ್ರಸಾದ್.

"ಏನೂ ಇಲ್ಲ. ವಾಪಸ್ ಗುಜರಿಗೆ."

ಅವನು ಬೆವರು ಒರೆಸಿಕೊಂಡ. ಬಿರುಕಿರಲಿಲ್ಲ. ಗೇಜನ್ನು ಪರೀಕ್ಷೆಗೆ ಕೊಟ್ಟರು. ಅದು ಸುಳ್ಳು ಹೇಳುತ್ತಿತ್ತು. ಹೊಸದು ತಂದರು. ಅದೇ ಪಾತ್ರೆಗೆ ಹೊಂದುವ ಗ್ಯಾಸ್ಕೆಟ್, ಸರಿಯಾದ ಒತ್ತಡಕ್ಕೆ ತೆರೆಯುವ ಸೇಫ್ಟಿ ವಾಲ್ವ್ ತರಿಸಲು ಮೂರು ತಿಂಗಳು ಹಿಡಿಯಿತು. "ಒಂದು ನಾನೇ ಕಡೆದುಬಿಡ್ಲಾ?" ಎಂದು ಶಿವಪ್ರಸಾದ್ ಎರಡು ಸಲ ಕೇಳಿದ. ಪುಷ್ಪಾ ಎರಡು ಸಲವೂ ಬೇಡವೆಂದಳು. ಹಬೆಯ ಕೊಳವೆಯಲ್ಲಿ ಅವನೇ ತಂತಿ ಆಡಿಸಿ ಕಿಟ್ಟ ತೆಗೆದ. ಅಷ್ಟರಲ್ಲಿ ಅಮೂಲ್ಯಾಳಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಬಾಣಂತನದ ನಡುವೆಯೂ ಪುಷ್ಪಾ ಆಗಾಗ ಎದ್ದು ಹೋಗಿ ಆ ಪಾತ್ರೆಯನ್ನು ನೋಡಿ ಬರುತ್ತಿದ್ದಳು. ಅದರ ಮೇಲೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಬರದಿರುವುದೇ ಒಳ್ಳೆಯದು ಎಂದರು ಪ್ರಿಯಂವದಾ.

ಮೊದಲ ಸಲ ಬರೀ ನೀರು ಹಾಕಿ ಒಲೆ ಹಚ್ಚಿದರು. ಕೊಳವೆಯಿಂದ ಹತ್ತು ನಿಮಿಷ ಹಬೆ ನೇರವಾಗಿ ಹೊರಹೋಗಲು ಬಿಟ್ಟು, ಒಳಗಿನ ಗಾಳಿಯೆಲ್ಲ ಹೋದ ಮೇಲೆ ಮುಚ್ಚಿದರು. ಗೇಜಿನ ಮುಳ್ಳು ಮೆಲ್ಲಗೆ ಅಲುಗಿತು. ಪುಷ್ಪಾ ರೆಪ್ಪೆ ಬಡಿಯದೆ ನೋಡಿದಳು. ಬೇಕಾದ ಗೆರೆಗೆ ಬಂದು ನಿಂತಿತು. "ಇಲ್ಲಿಂದ ಹೊತ್ತು ಹಿಡಿಯೋದು, ಒಲೆ ಹಚ್ಚಿದಾಗಿನಿಂದ ಅಲ್ಲ," ಎಂದರು ಪ್ರಿಯಂವದಾ. ಒಲೆ ಆರಿಸಿದ ಮೇಲೆ ತಣ್ಣೀರು ಸುರಿಯಲಿಲ್ಲ. ಮುಳ್ಳು ತಾನಾಗಿ ಸೊನ್ನೆಗೆ ಬರುವ ತನಕ ಎಲ್ಲರೂ ಕಾದರು.

ಡಿಸೆಂಬರಿನಲ್ಲಿ ಅವರೆಕಾಯಿ ಮತ್ತೆ ಬಂತು. ಈ ಸಲ ಸಂಘದ ಆರು ಜನ ಕೂತು ಹಿದುಕಿದರು. ಜಾಮಿನ ಬಾಟಲಿಗಳಲ್ಲ, ಇದಕ್ಕೆಂದೇ ಮಾಡಿದ ಬಾಟಲಿ, ಹೊಸ ಮುಚ್ಚಳ. ಪ್ರಯೋಗಾಲಯದಲ್ಲಿ ಪರೀಕ್ಷೆಯಾದ ವಿಧಾನಗಳ ಪುಸ್ತಕದಿಂದ ಪ್ರಿಯಂವದಾ ಬರೆದುಕೊಟ್ಟ ಚೀಟಿಯನ್ನು ಗೋಡೆಗೆ ಅಂಟಿಸಿ, ಅದರಲ್ಲಿದ್ದಷ್ಟೇ ಒತ್ತಡದಲ್ಲಿ ಅಷ್ಟೇ ಹೊತ್ತು ಬೇಯಿಸಿದರು. ಹಿತ್ತಾಳೆ ಬೋಲ್ಟು ಪಕ್ಕದ ಮೊಳೆಗೆ ನೇತುಬಿದ್ದಿತ್ತು. ಬಂದವರು ಏನೆಂದು ಕೇಳಿದರೆ ಶಿವಪ್ರಸಾದನೇ ಹೇಳುತ್ತಿದ್ದ: "ನಾನು ಕಡೆದದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿರೋದು. ಎಲ್ಲಕ್ಕಿಂತ ಕೆಟ್ಟದ್ದೂ ಅದೇ."

ಅಮೂಲ್ಯಾ ಮಗುವಿನೊಂದಿಗೆ ಆಯನೂರಿಗೆ ಹೋಗುವಾಗ ನಾಲ್ಕು ಬಾಟಲಿ ಕೊಂಡುಹೋದಳು. ಫೆಬ್ರವರಿಯ ಒಂದು ಬೆಳಗ್ಗೆ ಅವಳ ಫೋನ್ ಬಂತು.

"ಅಮ್ಮಾ, ಒಂದರ ಮುಚ್ಚಳ ಸಡಿಲ ಇದೆ. ಒತ್ತಿದ್ರೆ ಟಕ್ ಅನ್ನತ್ತೆ."

"ತೆಗೀಬೇಡ. ಹಂಗೇ ಹೂಳು. ಕೈ ತೊಳ್ಕೋ."

"ಸರಿ. ಬೇಜಾರಾಯ್ತಾ ನಿಂಗೆ?"

"ಇಲ್ಲ ಕಣೇ," ಎಂದಳು ಪುಷ್ಪಾ. "ಹೇಳಿದೆಯಲ್ಲ."

*

ಅಕ್ಕತಂಗಿಯರೇ, ಇದನ್ನು ಓದುತ್ತಿರುವ ನಿಮ್ಮ ಮನೆಯ ಅಟ್ಟದಲ್ಲೂ ಒಂದು ಹಳೆಯ ಪಾತ್ರೆ ಇರಬಹುದು. ಅದನ್ನು ಎಸೆಯಿರಿ ಎಂದು ಹೇಳುತ್ತಿಲ್ಲ. ಇಳಿಸಿ, ತೊಳೆಯಿರಿ, ಆದರೆ ತಿಳಿದವರಿಗೆ ತೋರಿಸದೆ ಒಲೆಯ ಮೇಲೆ ಇಡಬೇಡಿ. ಸೇಫ್ಟಿ ವಾಲ್ವಿನ ತೂತನ್ನು ಬೋಲ್ಟಿನಿಂದಾಗಲಿ, ಅಂಟಿನಿಂದಾಗಲಿ ಎಂದೂ ಮುಚ್ಚಬೇಡಿ. ಸರಿಯಾದ ಬಿಡಿಭಾಗ ಸಿಗದಿದ್ದರೆ ಅದು ಅಟ್ಟದಲ್ಲೇ ಇರಲಿ. ಕಾಳು, ತರಕಾರಿಯನ್ನು ಬರೀ ಕುದಿಸಿ ಬಾಟಲಿಯಲ್ಲಿ ಮುಚ್ಚಿಡಬೇಡಿ. ಒತ್ತಡದ ಪಾತ್ರೆ ಇಲ್ಲದಿದ್ದರೆ ಹುಲಿಗೆಮ್ಮನವರ ದಾರಿಯೇ ಸಾಕು, ಚೆನ್ನಾಗಿ ಒಣಗಿಸಿ ಇಡಿ. ಉಬ್ಬಿದ, ಸಡಿಲವಾದ, ಅನುಮಾನ ಬಂದ ಬಾಟಲಿಯನ್ನು ರುಚಿ ನೋಡಿ ಪರೀಕ್ಷಿಸಬೇಡಿ, ದನಕ್ಕೂ ಹಾಕಬೇಡಿ. ಅಂಥದ್ದನ್ನು ತಿಂದ ಮೇಲೆ ಕಣ್ಣು ಮಂಜಾದರೆ, ರೆಪ್ಪೆ ಜೋತುಬಿದ್ದರೆ, ನುಂಗಲು ಕಷ್ಟವಾದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಹೋಗಿ, ಏನು ತಿಂದಿರಿ ಎಂದು ಹೇಳಿ.

ಮತ್ತೆ ಇನ್ನೊಂದು. ಅಮ್ಮನಿಗೆ, ಅತ್ತೆಗೆ, ಗಂಡನಿಗೆ ಬೇಜಾರಾಗುತ್ತದೆ ಎಂದು ನೀವು ನುಂಗಿಕೊಂಡಿರುವ ಒಂದು ಅನುಮಾನ ಇದ್ದರೆ, ಇವತ್ತೇ ಹೇಳಿಬಿಡಿ. ಅವರಿಗೆ ಬೇಜಾರಾಗಬಹುದು. ಆಗಲಿ. ಮುಂದಿನ ಅವರೆಕಾಯಿ ಕಾಲಕ್ಕೆ ಎಲ್ಲರೂ ಒಟ್ಟಿಗೆ ಕೂತು ಕಾಳು ಹಿದುಕುವಂತಿರಬೇಕು.